ದ್ರಾಕ್ಷಿ ಗುಡ್ಡಗಳ ನಡುವೆ ಸೈಕಲ್ ದಾರಿ: ಬರ್ಗಂಡಿಯ ರೈತರಿಂದ ಒಂದು ಪಾಠ

ದ್ರಾಕ್ಷಿ ಬೇಸಾಯಕ್ಕೆ ಹೆಸರಾದ ದೇಶಗಳಲ್ಲಿ ಫ್ರಾನ್ಸ್ ಅಗ್ರಗಣ್ಯವಾದುದು. ಆ ದೇಶದ ಪೂರ್ವ ಭಾಗದಲ್ಲಿರುವ ಬರ್ಗಂಡಿ ಪ್ರಾಂತ್ಯದ ಗುಡ್ಡಗಳ ಇಳಿಜಾರಿನಲ್ಲಿ ಸಾವಿರ ವರ್ಷಗಳಿಗೂ ಮಿಗಿಲಾಗಿ ದ್ರಾಕ್ಷಿ ಬೆಳೆಯಲಾಗುತ್ತಿದೆ. ಇತ್ತೀಚಿನ ದಶಕಗಳಲ್ಲಿ ಈ ತೋಟಗಳ ನಡುವೆ ಕಾರು, ಲಾರಿಗಳ ಕಾಟವಿಲ್ಲದೆ ಸೈಕಲ್ ತುಳಿಯುತ್ತ ಸಾಗುವ ಪ್ರವಾಸಿಗರು ಹೆಚ್ಚಾಗಿ ಕಂಡುಬರುತ್ತಾರೆ. ಇವರಿಗಾಗಿ ಯಾರೂ ಗುಡ್ಡ ಕಡಿದು ಹೊಸ ರಸ್ತೆ ಮಾಡಿದ್ದಲ್ಲ. ಅವರು ತುಳಿಯುವ ದಾರಿಗಳು ಎರಡು ಬಗೆಯವು: ಒಂದು, ರೈತರು ತಮ್ಮ ಕೆಲಸಕ್ಕಾಗಿ ಮಾಡಿಕೊಂಡ ತೋಟದ ಬಂಡಿದಾರಿ; ಇನ್ನೊಂದು, ರೈಲು ಓಡಾಟ ನಿಂತುಹೋದ ಹಳೆಯ ಹಳಿದಾರಿ.

ತೋಟದೊಳಗೆ ಹೊರಗಿನವರು ಓಡಾಡಿದರೆ ರೈತನಿಗೆ ತೊಂದರೆಯೇ, ಲಾಭವೇ? ದಾರಿ ಯಾರದು? ಅದನ್ನು ದುರಸ್ತಿ ಮಾಡುವವರು ಯಾರು? ಔಷಧಿ ಸಿಂಪಡಿಸುವಾಗ ದಾರಿಹೋಕರ ಗತಿ ಏನು? ಈ ಪ್ರಶ್ನೆಗಳಿಗೆ ಬರ್ಗಂಡಿಯಲ್ಲಿ ಕಂಡುಕೊಂಡ ಉತ್ತರಗಳನ್ನು ರೈತ ಬಾಂಧವರೂ ವಿಸ್ತರಣಾ ಕಾರ್ಯಕರ್ತರೂ ತಿಳಿಯುವುದು ಉಪಯುಕ್ತ.

ಪ್ರದೇಶದ ಪರಿಚಯ

ದಿಜೋನ್ ನಗರದಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ಉದ್ದಕ್ಕೆ ಒಂದು ಗುಡ್ಡದ ಸಾಲು ಹಬ್ಬಿದೆ. ಇದರ ಪೂರ್ವ ಮತ್ತು ಆಗ್ನೇಯಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ, ಸಮುದ್ರ ಮಟ್ಟದಿಂದ ಸುಮಾರು 220 ಮೀಟರಿನಿಂದ 400 ಮೀಟರ್ ಎತ್ತರದವರೆಗೆ ದ್ರಾಕ್ಷಿ ತೋಟಗಳಿವೆ. ಬೆಳಗಿನ ಎಳೆ ಬಿಸಿಲು ನೇರವಾಗಿ ಬಳ್ಳಿಗೆ ಬೀಳುತ್ತದೆ. ಮಣ್ಣು ಸುಣ್ಣಕಲ್ಲು ಮತ್ತು ಸುಣ್ಣಭರಿತ ಜೇಡಿಯಿಂದಾದುದು. ಗುಡ್ಡದ ನೆತ್ತಿಯಲ್ಲಿ ಮಣ್ಣಿನ ಪದರ ತೆಳು, ಬುಡದಲ್ಲಿ ದಪ್ಪ. ಅತ್ಯುತ್ತಮವೆಂದು ಹೆಸರಾದ ತೋಟಗಳೆಲ್ಲ ಬಹುಮಟ್ಟಿಗೆ ಇಳಿಜಾರಿನ ನಡುಭಾಗದಲ್ಲಿವೆ.

ಕೆಂಪು ವೈನಿಗೆ ಪೀನೋ ನ್ವಾರ್, ಬಿಳಿ ವೈನಿಗೆ ಶಾರ್ಡನೇ ಇಲ್ಲಿನ ಮುಖ್ಯ ತಳಿಗಳು. ಸಾಲಿನಿಂದ ಸಾಲಿಗೆ ಹಾಗೂ ಗಿಡದಿಂದ ಗಿಡಕ್ಕೆ ಸುಮಾರು 1 ಮೀಟರ್ ಅಂತರವಿದ್ದು, ಹೆಕ್ಟೇರಿಗೆ 10,000ದಷ್ಟು ಬಳ್ಳಿಗಳಿರುತ್ತವೆ. ಇಷ್ಟು ಕಿರಿದಾದ ಸಾಲಿನಲ್ಲಿ ಸಾಮಾನ್ಯ ಟ್ರ್ಯಾಕ್ಟರು ಹೋಗಲಾರದು. ಆದ್ದರಿಂದ ಸಾಲಿನ ಮೇಲೆ ಕಾಲು ಅಗಲಿಸಿ ನಿಂತಂತೆ ಚಲಿಸುವ ಎತ್ತರದ ಟ್ರ್ಯಾಕ್ಟರುಗಳನ್ನು ಬಳಸುತ್ತಾರೆ. ಈ ಯಂತ್ರ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಲು, ಸುಗ್ಗಿಯಲ್ಲಿ ಹಣ್ಣು ಸಾಗಿಸಲು ಗಟ್ಟಿಯಾದ ಬಂಡಿದಾರಿ ಬೇಕೇ ಬೇಕು.

ಇಲ್ಲಿ ಜಮೀನು ಸಣ್ಣ ಸಣ್ಣ ತುಂಡುಗಳಾಗಿ ಹಂಚಿಹೋಗಿದೆ. ಪ್ರತಿಯೊಂದು ತಾಕಿಗೂ ತನ್ನದೇ ಹೆಸರು, ತನ್ನದೇ ಗುಣ. ಇಂಥ 1,247 ತಾಕುಗಳನ್ನು ಗುರುತಿಸಿ, ಯುನೆಸ್ಕೋ ಸಂಸ್ಥೆಯು 2015ರಲ್ಲಿ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಂಡಿದಾರಿಯೇ ಸೈಕಲ್ ದಾರಿ

ಬೋನ್ ಪಟ್ಟಣದಿಂದ ಸಾಂತನೆ ಎಂಬ ಊರಿನವರೆಗೆ ಸುಮಾರು 22 ಕಿ.ಮೀ. ಉದ್ದದ ಸೈಕಲ್ ಮಾರ್ಗವಿದೆ. ಇದಕ್ಕೆ 'ದ್ರಾಕ್ಷಿ ಬಳ್ಳಿಗಳ ದಾರಿ' ಎಂಬ ಅರ್ಥದ ಹೆಸರಿದೆ. ಪೊಮ್ಮಾರ್, ವೊಲ್ನೆ, ಮರ್ಸೋ, ಪುಲಿನಿ-ಮೊಂರಾಶೆ, ಶಸಾನ್ಯ-ಮೊಂರಾಶೆ ಮುಂತಾದ ಊರುಗಳನ್ನು ಇದು ಒಂದಕ್ಕೊಂದು ಜೋಡಿಸುತ್ತದೆ. ಮೊದಲೆರಡು ಊರುಗಳು ಕೆಂಪು ವೈನಿಗೂ ನಂತರದವು ಮುಖ್ಯವಾಗಿ ಬಿಳಿ ವೈನಿಗೂ ಪ್ರಸಿದ್ಧ. ಊರ ಹೆಸರಿನಲ್ಲಿ ವೈನ್ ಮಾರುವುದಕ್ಕೆ ಫ್ರಾನ್ಸಿನಲ್ಲಿ 1935ರ ಕಾನೂನಿನಿಂದ ಕಟ್ಟುನಿಟ್ಟಾದ ರಕ್ಷಣೆ ದೊರೆತಿದೆ. ಆ ಊರಿನ ಗಡಿಯಲ್ಲಿ, ಗೊತ್ತುಪಡಿಸಿದ ತಳಿ ಮತ್ತು ಪದ್ಧತಿಯಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು.

ಈ ಮಾರ್ಗ ಬಹುಪಾಲು ತೋಟದೊಳಗಿನ ದಾರಿಯೇ. ಊರೊಳಗೆ ಮಾತ್ರ ಸ್ವಲ್ಪ ದೂರ ಸಾಮಾನ್ಯ ಬೀದಿಯಲ್ಲಿ ಹೋಗಬೇಕಾಗುತ್ತದೆ. ಗುಡ್ಡದ ಮೈಯನ್ನು ಹಾಯುವುದರಿಂದ ಏರಿಳಿತಗಳು ಸಹಜ. ನೂರಕ್ಕೆ 5ರ ಏರು ಎಂದರೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 5 ಮೀಟರ್ ಮೇಲೆ ಹತ್ತಬೇಕು. ಅಂಥ ಏರುಗಳು ಚಿಕ್ಕವಾದರೂ ಮತ್ತೆ ಮತ್ತೆ ಬಂದರೆ ಕಾಲು ಸೋಲುತ್ತದೆ. ಗೇರು ಇರುವ ಸೈಕಲ್ಲಿನಲ್ಲಿ ಏರು ಬರುವ ಮೊದಲೇ ಹಗುರ ಗೇರಿಗೆ ಬದಲಿಸಿಕೊಳ್ಳುವುದು ಜಾಣತನ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದುದೆಂದರೆ, ಈ ದಾರಿಯಲ್ಲಿ ಹೊರಗಿನ ಕಾರು ಇಲ್ಲದಿದ್ದರೂ ರೈತನ ಟ್ರ್ಯಾಕ್ಟರು ಇದ್ದೇ ಇರುತ್ತದೆ. ದಾರಿ ಮೊದಲು ಕೆಲಸಕ್ಕೆ, ಆಮೇಲೆ ವಿಹಾರಕ್ಕೆ. ಎದುರಿಗೆ ಟ್ರ್ಯಾಕ್ಟರು ಬಂದಾಗ ಸೈಕಲ್ಲಿನವರೇ ಪಕ್ಕಕ್ಕೆ ಸರಿದು ನಿಲ್ಲುವುದು ರೂಢಿಯ ಮರ್ಯಾದೆ.

ರೈಲು ನಿಂತ ಮೇಲೆ ಉಳಿದ ದಾರಿ

ಸಾಂತನೆಯಿಂದ ಇನ್ನೂ ದಕ್ಷಿಣಕ್ಕೆ, ಶಾಲೋನ್ ನಗರದ ಹತ್ತಿರ ಜಿವ್ರಿ ಎಂಬ ಊರಿದೆ. ಅಲ್ಲಿಂದ ಕ್ಲೂನಿ ಪಟ್ಟಣದವರೆಗೆ ಹಿಂದೆ ರೈಲು ಓಡುತ್ತಿತ್ತು. ಬಸ್ಸು, ಲಾರಿಗಳ ಪೈಪೋಟಿಯಲ್ಲಿ ಆ ಓಡಾಟ ನಿಂತುಹೋಯಿತು. ಹಳಿ ಕಿತ್ತ ದಾರಿಗೆ ನಯವಾದ ಮೇಲ್ಮೈ ಹಾಕಿ, 1997ರಲ್ಲಿ ಸುಮಾರು 44 ಕಿ.ಮೀ. ಉದ್ದಕ್ಕೆ 'ಹಸಿರು ದಾರಿ'ಯಾಗಿ ತೆರೆಯಲಾಯಿತು. ಫ್ರಾನ್ಸಿನಲ್ಲಿ ಈ ಹೆಸರಿನ ದಾರಿಗಳಲ್ಲಿ ಇದೇ ಮೊದಲನೆಯದು. 2004ರಲ್ಲಿ ಅಲ್ಲಿನ ರಸ್ತೆ ಸಂಚಾರ ನಿಯಮಗಳಲ್ಲಿಯೇ ಹಸಿರು ದಾರಿಯ ಅರ್ಥವನ್ನು ಸೇರಿಸಲಾಯಿತು. ಅದರಂತೆ ಇದು ಮೋಟಾರಿಲ್ಲದ ವಾಹನಗಳಿಗೆ, ಪಾದಚಾರಿಗಳಿಗೆ ಮತ್ತು ಕುದುರೆ ಸವಾರರಿಗೆ ಮೀಸಲಾದ ದಾರಿ.

ರೈಲು ಎಂಜಿನ್ನು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ರೈಲು ದಾರಿ ಹಾಕುವ ಎಂಜಿನಿಯರರು ಗುಡ್ಡವನ್ನು ಸುತ್ತಿ, ತಗ್ಗಿನಲ್ಲಿ ಮಣ್ಣು ತುಂಬಿ, ದಿಬ್ಬವನ್ನು ಕಡಿದು ಏರನ್ನು ಸೌಮ್ಯ ಮಾಡಿರುತ್ತಾರೆ. ಅಂದು ಎಂಜಿನ್ನಿಗಾಗಿ ಪಟ್ಟ ಶ್ರಮದ ಫಲವನ್ನು ಇಂದು ಮಕ್ಕಳು, ವಯಸ್ಸಾದವರು ಸಹ ಅನುಭವಿಸುತ್ತಿದ್ದಾರೆ. ಸುತ್ತ ಗುಡ್ಡಗಳೇ ಇದ್ದರೂ ದಾರಿ ಮಾತ್ರ ಹೆಚ್ಚುಕಡಿಮೆ ಸಮತಟ್ಟು.

ಕ್ಲೂನಿಯಿಂದ ದಕ್ಷಿಣಕ್ಕೆ ಮಾಕೋನ್ ಕಡೆಗೆ ಇದೇ ದಾರಿ ಮುಂದುವರಿಯುತ್ತದೆ. ನಡುವೆ ಬ್ವಾ ಕ್ಲೇರ್ ಎಂಬಲ್ಲಿ ಸುಮಾರು 1.6 ಕಿ.ಮೀ. ಉದ್ದದ ಹಳೆಯ ರೈಲು ಸುರಂಗವಿದೆ. ಚಳಿಗಾಲದಲ್ಲಿ ಬಾವಲಿಗಳು ಇದರೊಳಗೆ ತಂಗುವುದರಿಂದ ಆ ತಿಂಗಳುಗಳಲ್ಲಿ ಸುರಂಗವನ್ನು ಮುಚ್ಚಲಾಗುತ್ತದೆ. ಆಗ ಸವಾರರು ಸುರಂಗದ ಮೇಲಿನ ಕಣಿವೆಯನ್ನು ಹತ್ತಿ ಇಳಿಯಬೇಕು. ಕೀಟಗಳನ್ನು ತಿಂದು ಬದುಕುವ ಬಾವಲಿಗಳು ಬೆಳೆಗಾರನ ಮಿತ್ರರು. ಅವುಗಳಿಗಾಗಿ ಪ್ರವಾಸಿಗರು ಸ್ವಲ್ಪ ಬೆವರು ಸುರಿಸಿದರೆ ನಷ್ಟವಿಲ್ಲ.

ಇಳಿಜಾರು, ನೀರು ಮತ್ತು ಮಣ್ಣು

ಗುಡ್ಡದ ತೋಟಕ್ಕೆ ಮೊದಲ ಶತ್ರು ಮಣ್ಣಿನ ಸವಕಳಿ. ಬರ್ಗಂಡಿಯಲ್ಲಿ ಸಾಲುಗಳು ಬಹುಮಟ್ಟಿಗೆ ಇಳಿಜಾರಿನ ಉದ್ದಕ್ಕೇ ಇವೆ. ಬೇಸಿಗೆಯ ಗುಡುಗು ಮಳೆ ಒಮ್ಮೆಗೇ ಸುರಿದರೆ ಸಾಲಿನ ನಡುವೆ ನೀರು ರಭಸದಿಂದ ಇಳಿದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಒಂದು ಹೆಕ್ಟೇರಿನಲ್ಲಿ ಕೇವಲ 1 ಮಿ.ಮೀ. ದಪ್ಪದ ಮಣ್ಣು ಹೋಯಿತೆಂದರೆ 10 ಘನ ಮೀಟರ್ ಮಣ್ಣು ಹೋದಂತೆ. ಹಿಂದಿನ ತಲೆಮಾರಿನವರು ಹೀಗೆ ಬುಡ ಸೇರಿದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಸಾಗಿಸುತ್ತಿದ್ದರು. ಇಂದು ಸೈಕಲ್ ತುಳಿದು ಏದುಸಿರು ಬಿಡುವ ಏರನ್ನು ಅವರು ಮಣ್ಣಿನ ಹೊರೆಯೊಡನೆ ಹತ್ತಿದವರು. ಈ ಮಣ್ಣಿನ ಬೆಲೆ ಏನೆಂಬುದು ಇದರಿಂದಲೇ ತಿಳಿಯುತ್ತದೆ.

ಸವಕಳಿ ತಡೆಯಲು ಅನುಸರಿಸುವ ಕ್ರಮಗಳು ಹೀಗಿವೆ:

1. ತೋಟದಲ್ಲಿ ಸಿಕ್ಕ ಕಲ್ಲುಗಳನ್ನು ಆರಿಸಿ, ಗಾರೆ ಇಲ್ಲದೆ ಒಣಗೋಡೆ ಕಟ್ಟುವುದು. ಇದರ ಸಂದುಗಳಲ್ಲಿ ನೀರು ಸೋಸಿ ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಇದೇ ಕಲ್ಲಿನಿಂದ ಕಟ್ಟಿದ ಪುಟ್ಟ ಗುಡಿಸಲುಗಳು ಮಳೆ ಬಂದಾಗ ಕೆಲಸಗಾರರಿಗೆ ಆಸರೆ.

2. ಸಾಲುಗಳ ನಡುವೆ ಹುಲ್ಲು ಬೆಳೆಸುವುದು. ಹುಲ್ಲು ಬಳ್ಳಿಯೊಡನೆ ನೀರಿಗಾಗಿ ಸ್ಪರ್ಧಿಸುವುದರಿಂದ ಕೆಲವರು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಮಾತ್ರ ಬೆಳೆಸುತ್ತಾರೆ.

3. ಇಳಿಜಾರಿಗೆ ಅಡ್ಡಲಾಗಿ ದಾರಿ ಮಾಡುವುದು. ಅಡ್ಡದಾರಿಯು ಬದುವಿನಂತೆ ಇಳಿಜಾರಿನ ಉದ್ದವನ್ನು ತುಂಡರಿಸಿ, ಮೇಲಿನಿಂದ ಬಂದ ನೀರನ್ನು ಹಿಡಿದು ಬದಿಯ ಕಾಲುವೆಗೆ ಕೊಡುತ್ತದೆ.

4. ಗುಡ್ಡದ ಬುಡದಲ್ಲಿ ಹೊಂಡ ತೋಡಿ, ನೀರನ್ನು ನಿಲ್ಲಿಸಿ ಮಣ್ಣನ್ನು ತಳಕ್ಕೆ ಇಳಿಸುವುದು.

ನೆತ್ತಿಯಿಂದ ನೇರವಾಗಿ ಕೆಳಗಿಳಿಯುವ ದಾರಿ ಮಾತ್ರ ಅಪಾಯಕಾರಿ. ಮಳೆಗಾಲದಲ್ಲಿ ಅದೇ ಹಳ್ಳವಾಗುತ್ತದೆ. ಇಂಥ ಕಡೆ ಕಾಂಕ್ರೀಟು ಹಾಕಿ, ಅಲ್ಲಲ್ಲಿ ದಾರಿಗೆ ಓರೆಯಾಗಿ ತಗ್ಗು ಕಾಲುವೆ ಬಿಟ್ಟು ನೀರನ್ನು ಬದಿಗೆ ತಿರುಗಿಸಬೇಕು. ಸವಾರನು ಈ ಓರೆ ಕಾಲುವೆಯನ್ನು ನೇರವಾಗಿ, ನಿಧಾನವಾಗಿ ದಾಟಬೇಕು. ಚಕ್ರ ಅದರ ಗುಂಟ ಸಿಕ್ಕಿಕೊಂಡರೆ ಬೀಳುವುದು ಖಂಡಿತ. ಮಣ್ಣಿನ ದಾರಿಯ ಇಳುಕಲಿನಲ್ಲಿ ಜೋರಾಗಿ ಬ್ರೇಕು ಹಿಡಿದು ಚಕ್ರ ಜಾರಿಸಿದರೆ ಗೀರು ಬೀಳುತ್ತದೆ. ಮುಂದಿನ ಮಳೆಗೆ ಆ ಗೀರೇ ಕೊರಕಲಾಗುತ್ತದೆ. ಹೀಗೆ ನೀರು ಬಸಿಯುವ ಒಳ್ಳೆಯ ದಾರಿ ಮಣ್ಣಿಗೂ ಹಿತ, ಸವಾರನಿಗೂ ಸುರಕ್ಷಿತ.

ದಾರಿಯ ಒಡೆತನ ಮತ್ತು ದುರಸ್ತಿ

ಫ್ರಾನ್ಸಿನ ಗ್ರಾಮೀಣ ಕಾನೂನಿನಲ್ಲಿ ಎರಡು ಬಗೆಯ ಹೊಲದ ದಾರಿಗಳಿವೆ. ಮೊದಲನೆಯದು ಗ್ರಾಮಾಡಳಿತದ ಆಸ್ತಿಯಾದ ಗ್ರಾಮೀಣ ದಾರಿ. ಇದರಲ್ಲಿ ಸಾರ್ವಜನಿಕರು ಓಡಾಡಬಹುದು. ಎರಡನೆಯದು ಬೇಸಾಯದ ದಾರಿ. ಬೇರೆ ಪತ್ರವಿಲ್ಲದಿದ್ದರೆ ಇದು ಅಕ್ಕಪಕ್ಕದ ಜಮೀನಿನವರಿಗೆ ಸೇರಿದ್ದು. ಅದರ ಬಳಕೆ ಆ ಎಲ್ಲ ಜಮೀನುದಾರರಿಗೂ ಸಮಾನ, ಆದರೆ ಹೊರಗಿನವರ ಪ್ರವೇಶವನ್ನು ಅವರು ನಿಷೇಧಿಸಬಹುದು. ದುರಸ್ತಿಯ ಖರ್ಚನ್ನು ಅವರವರಿಗೆ ಆಗುವ ಪ್ರಯೋಜನಕ್ಕೆ ಅನುಗುಣವಾಗಿ ಎಲ್ಲರೂ ಹೊರಬೇಕು. ಒಬ್ಬನು ತನಗೆ ಬೇಡವೆಂದು ದಾರಿಯನ್ನು ಉತ್ತು ಹೊಲಕ್ಕೆ ಸೇರಿಸಿಕೊಳ್ಳುವಂತಿಲ್ಲ. ಬಳಕೆಯ ಹಕ್ಕುಳ್ಳ ಎಲ್ಲರೂ ಒಪ್ಪಿದರೆ ಮಾತ್ರ ಅಂಥ ದಾರಿಯನ್ನು ತೆಗೆಯಬಹುದು.

ದಾರಿ, ಕಾಲುವೆ ಮುಂತಾದ ಸಾಮೂಹಿಕ ಕೆಲಸಗಳಿಗಾಗಿ ಜಮೀನುದಾರರು ಸಂಘ ಕಟ್ಟಿಕೊಳ್ಳಲು 1865ರಷ್ಟು ಹಿಂದೆಯೇ ಅಲ್ಲಿ ಕಾನೂನು ಬಂದಿತು. ಸದಸ್ಯರಿಂದ ವಂತಿಗೆ ಎತ್ತಿ ಕೆಲಸ ಮಾಡಿಸುವುದು ಸಂಘದ ಹೊಣೆ.

ಆದ್ದರಿಂದ ತೋಟದ ದಾರಿಗೆ ಸೈಕಲ್ ಮಾರ್ಗದ ಫಲಕ ಹಾಕುವ ಮೊದಲು ಅದು ಯಾವ ಬಗೆಯ ದಾರಿ ಎಂಬುದನ್ನು ನೋಡಬೇಕು, ಒಡೆಯರ ಒಪ್ಪಿಗೆ ಪಡೆಯಬೇಕು, ಹೆಚ್ಚಿನ ದುರಸ್ತಿಯ ಖರ್ಚು ಯಾರದೆಂಬುದನ್ನು ಬರಹದಲ್ಲಿ ಗೊತ್ತುಮಾಡಬೇಕು. ಬಾಯಿಮಾತಿನ ಒಪ್ಪಂದ ಮೊದಲ ಮಳೆಗೆ ದಾರಿ ಕೊಚ್ಚಿಹೋದಾಗ ಜಗಳಕ್ಕೆ ಮೂಲವಾಗುತ್ತದೆ.

ದಾರಿಹೋಕ ಕಳ್ಳನೋ, ಗಿರಾಕಿಯೋ?

ದಾರಿ ಬದಿಯ ಬೆಳೆಗೆ ದಾರಿಹೋಕರ ಕಾಟ ಎಲ್ಲ ದೇಶದಲ್ಲೂ ಇದ್ದದ್ದೇ. ಫ್ರಾನ್ಸಿನ ಪಶ್ಚಿಮ ಭಾಗದ ಬೋರ್ಡೋ ಪ್ರದೇಶದಲ್ಲಿ ರಸ್ತೆಯಂಚಿನ ದ್ರಾಕ್ಷಿಯನ್ನು ಜನ ಕಿತ್ತು ತಿನ್ನದಿರಲೆಂದು ರೈತರು ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಕಲಸಿದ ನೀರನ್ನು ಎರಚುತ್ತಿದ್ದರು. ಎಲೆಯ ಮೇಲೆ ನೀಲಿ ಬಣ್ಣ ಕಂಡು ಜನ ಹೆದರಿ ದೂರ ಸರಿಯುತ್ತಿದ್ದರು. 1878ರಲ್ಲಿ ಅಮೆರಿಕದ ಕಡೆಯಿಂದ ಬಂದ ಡೌನಿ ಮಿಲ್ಡ್ಯೂ ರೋಗ ಫ್ರಾನ್ಸಿನ ತೋಟಗಳಲ್ಲಿ ಕಾಣಿಸಿಕೊಂಡು ಎಲೆ ಉದುರಿಸುತ್ತಿತ್ತು. 1882ರಲ್ಲಿ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಅವರು, ರಸ್ತೆಯಂಚಿನ ನೀಲಿ ಬಳ್ಳಿಗಳಲ್ಲಿ ಮಾತ್ರ ಎಲೆಗಳು ಉಳಿದಿರುವುದನ್ನು ಗಮನಿಸಿದರು. ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಇದೇ ಬೋರ್ಡೋ ದ್ರಾವಣ.

ಈ ದ್ರಾವಣ ಕನ್ನಡ ನಾಡಿನ ಅಡಿಕೆ ಬೆಳೆಗಾರರಿಗೆ ಚಿರಪರಿಚಿತ. ಇಪ್ಪತ್ತನೆಯ ಶತಮಾನದ ಪ್ರಾರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ಸಿಂಪರಣೆಯನ್ನು ಬಳಕೆಗೆ ತಂದರು. ದಾರಿಹೋಕರನ್ನು ಓಡಿಸಲು ಹಚ್ಚಿದ ಬಣ್ಣ ಸಾವಿರಾರು ಮೈಲಿ ಆಚೆಯ ಅಡಿಕೆ ತೋಟವನ್ನು ಕಾಪಾಡಿತು.

ಅಂದು ಓಡಿಸಬೇಕಾಗಿದ್ದ ದಾರಿಹೋಕ ಇಂದು ರೈತನ ಗಿರಾಕಿಯಾಗಿದ್ದಾನೆ. ಕಾರಿನಲ್ಲಿ ರಭಸದಿಂದ ಹೋಗುವವನಿಗೆ ತೋಟ ಬರೀ ಹಸಿರು ಪಟ್ಟಿ. ಸೈಕಲ್ಲಿನವನು ನಿಧಾನವಾಗಿ ಹೋಗುತ್ತಾನೆ, ಬಾಯಾರುತ್ತಾನೆ, ಹಸಿಯುತ್ತಾನೆ, ಸಂಜೆಗೆ ತಂಗಲು ಜಾಗ ಹುಡುಕುತ್ತಾನೆ. ಆಗ ಊರಿನಲ್ಲಿ ಕೊಡುವುದಕ್ಕೆ ಏನಾದರೂ ಇರಬೇಕು, ಅಷ್ಟೆ.

ರೈತನಿಗೆ ಆಗುವ ಪ್ರಯೋಜನ

ಹಣ್ಣನ್ನೋ ವೈನನ್ನೋ ಸಗಟು ವರ್ತಕನಿಗೆ ಒಟ್ಟಾಗಿ ಮಾರಿದ ರೈತನ ಹೆಸರು ಬಾಟಲಿಯ ಮೇಲೆ ಬರುವುದಿಲ್ಲ, ಬೆಲೆಯೂ ಅವನ ಕೈಯಲ್ಲಿಲ್ಲ. ತಾನೇ ತಯಾರಿಸಿ ತನ್ನ ಮನೆಯಲ್ಲಿ ಮಾರಿದರೆ ನಡುವಿನ ವರ್ತಕನ ಪಾಲು ರೈತನಿಗೇ ಉಳಿಯುತ್ತದೆ. ತಾನೊಬ್ಬನೇ ಮಾಡಲಾಗದವನಿಗೆ ಸಹಕಾರ ಸಂಘವಿದೆ. ಹಸಿರು ದಾರಿಯ ಬದಿಯ ಬುಸಿ ಎಂಬ ಊರಿನಲ್ಲಿ ದ್ರಾಕ್ಷಿ ಬೆಳೆಗಾರರು 1931ರಲ್ಲಿಯೇ ಸಹಕಾರಿ ವೈನ್ ಘಟಕವನ್ನು ಸ್ಥಾಪಿಸಿಕೊಂಡರು.

ಮನೆಯ ಹೆಚ್ಚುವರಿ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಗ್ರಾಮೀಣ ವಸತಿಗಳ ರಾಷ್ಟ್ರೀಯ ಒಕ್ಕೂಟ ಫ್ರಾನ್ಸಿನಲ್ಲಿ 1955ರಲ್ಲಿ ಪ್ರಾರಂಭವಾಯಿತು. ಸೈಕಲ್ ಪ್ರವಾಸಿಗರನ್ನು ಸ್ವಾಗತಿಸುವ ಮನೆಗಳಿಗೆ ಪ್ರತ್ಯೇಕ ಗುರುತಿನ ಫಲಕವೂ ಇದೆ. ಅದನ್ನು ಪಡೆಯಲು ಮನೆ ಸೈಕಲ್ ಮಾರ್ಗದಿಂದ 5 ಕಿ.ಮೀ. ಒಳಗಿರಬೇಕು, ಸೈಕಲ್ಲಿಗೆ ಭದ್ರವಾದ ಜಾಗ, ಚಿಕ್ಕಪುಟ್ಟ ದುರಸ್ತಿಗೆ ಸಲಕರಣೆ ಮುಂತಾದ ಅನುಕೂಲಗಳಿರಬೇಕು. ಇವಕ್ಕೆ ದೊಡ್ಡ ಬಂಡವಾಳ ಬೇಡ, ಅಚ್ಚುಕಟ್ಟುತನ ಬೇಕು.

ಆದರೆ ಲಾಭ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ ಎಂಬುದನ್ನೂ ಮರೆಯಬಾರದು. ಮಾರ್ಗದಿಂದ ದೂರವಿರುವ ಊರಿಗೆ ಸವಾರ ತಲುಪುವುದು ಕಷ್ಟ. ದಾರಿಗೆ ಜಾಗ ಕೊಟ್ಟ ರೈತ ಒಬ್ಬ, ಕೋಣೆ ಬಾಡಿಗೆ ಪಡೆಯುವವನು ಇನ್ನೊಬ್ಬ ಆದಾಗ ಅಸಮಾಧಾನ ಹುಟ್ಟುತ್ತದೆ. ಇದನ್ನು ಮುಂಚಿತವಾಗಿ ಊರಿನವರೇ ಕುಳಿತು ಮಾತನಾಡಿ ಬಗೆಹರಿಸಿಕೊಳ್ಳಬೇಕು. ಇಂಥಲ್ಲಿ ವಿಸ್ತರಣಾ ಕಾರ್ಯಕರ್ತನ ಪಾತ್ರ ಹಿರಿದು.

ಸಿಂಪರಣೆ ಕಾಲದ ಎಚ್ಚರಿಕೆ

ಮೇ ತಿಂಗಳಿನಿಂದ ಆಗಸ್ಟ್ ವರೆಗೆ ಡೌನಿ ಮಿಲ್ಡ್ಯೂ ಮತ್ತು ಬೂದಿ ರೋಗಗಳಿಗೆ ಮತ್ತೆ ಮತ್ತೆ ಔಷಧಿ ಸಿಂಪಡಿಸಬೇಕಾಗುತ್ತದೆ. ಪ್ರವಾಸಿಗರು ಹೆಚ್ಚಾಗಿ ಬರುವುದೂ ಇದೇ ತಿಂಗಳುಗಳಲ್ಲಿ. ಆದ್ದರಿಂದ ಎಚ್ಚರಿಕೆ ಅತ್ಯಗತ್ಯ.

ಗಾಳಿಯ ವೇಗ ಬ್ಯೂಫೋರ್ಟ್ ಮಾನದ 3ನೇ ಹಂತವನ್ನು, ಎಂದರೆ ಗಂಟೆಗೆ ಸುಮಾರು 19 ಕಿ.ಮೀ.ಯನ್ನು ಮೀರಿದರೆ ಫ್ರಾನ್ಸಿನಲ್ಲಿ ಸಿಂಪರಣೆ ಮಾಡುವಂತಿಲ್ಲ. ಉಪಕರಣವಿಲ್ಲದೆಯೂ ಇದನ್ನು ಅಂದಾಜು ಮಾಡಬಹುದು. ಎಲೆಗಳೂ ಎಳೆ ಕಡ್ಡಿಗಳೂ ಬಿಡುವಿಲ್ಲದೆ ಅಲುಗುತ್ತಿದ್ದರೆ 3ನೇ ಹಂತ ಬಂದಿದೆ ಎಂದು ತಿಳಿಯಬೇಕು. ಧೂಳು, ಕಾಗದ ಹಾರತೊಡಗಿದರೆ ಅದು ಮೀರಿದೆ. ಗಾಳಿ ಕಡಿಮೆ ಇದ್ದರೂ ಔಷಧಿ ತೋಟದ ಗಡಿ ದಾಟದಂತೆ ನೋಡಿಕೊಳ್ಳುವುದು ಸಿಂಪಡಿಸುವವನ ಹೊಣೆ.

ಸಿಂಪಡಿಸಿದ ತೋಟದೊಳಗೆ ಕೆಲಸಗಾರರು ಮತ್ತೆ ಹೋಗಲು ಕನಿಷ್ಠ 6 ಗಂಟೆ ಕಾಯಬೇಕು. ಔಷಧಿಯ ಅಪಾಯಕ್ಕೆ ತಕ್ಕಂತೆ ಈ ಅವಧಿ 24 ಅಥವಾ 48 ಗಂಟೆಗಳಾಗಬಹುದು. ದಾರಿಯಲ್ಲಿ ಜನ ಬರುತ್ತಿರುವುದು ಕಂಡರೆ ನಳಿಕೆ ನಿಲ್ಲಿಸಿ, ಅವರು ದಾಟಿದ ಮೇಲೆ ಮುಂದುವರಿಸುವುದು ಕ್ಷೇಮ. ಜನಸಂಚಾರ ಕಡಿಮೆ ಇರುವ, ಗಾಳಿಯೂ ಶಾಂತವಾಗಿರುವ ಮುಂಜಾನೆ ಸಿಂಪರಣೆಗೆ ಸೂಕ್ತ ಸಮಯ.

ಸುಗ್ಗಿಯ ಕಾಲ

ಬೋನ್ ಪಟ್ಟಣದಲ್ಲಿ 1354ರಿಂದ ಈಚೆಗೆ ದ್ರಾಕ್ಷಿ ಕೊಯ್ಲಿನ ದಿನಾಂಕಗಳ ದಾಖಲೆ ಸಿಗುತ್ತದೆ. ಅದರ ಪ್ರಕಾರ 1987ರವರೆಗೆ ಕೊಯ್ಲು ಸರಾಸರಿ ಸೆಪ್ಟೆಂಬರ್ 28ರ ಸುಮಾರಿಗೆ ಪ್ರಾರಂಭವಾಗುತ್ತಿತ್ತು. 1988ರಿಂದ ಈಚೆಗೆ ಸರಾಸರಿ 13 ದಿನ ಮುಂಚೆಯೇ ಪ್ರಾರಂಭವಾಗುತ್ತಿದೆ. ಹವಾಮಾನ ಬಿಸಿಯಾಗುತ್ತಿರುವುದೇ ಇದಕ್ಕೆ ಕಾರಣ. ಆದ್ದರಿಂದ ಸೆಪ್ಟೆಂಬರ್ ಮೊದಲಲ್ಲೇ, ಕೆಲವು ವರ್ಷ ಆಗಸ್ಟ್ ಕೊನೆಯಲ್ಲೇ ದಾರಿಯ ತುಂಬ ಹಣ್ಣಿನ ಗಾಡಿಗಳಿರುತ್ತವೆ. ಸುಗ್ಗಿ ನೋಡಲು ಬಂದವರು ಸುಗ್ಗಿಗೆ ಅಡ್ಡಿಯಾಗಬಾರದು.

ಸವಾರರು ಪಾಲಿಸಬೇಕಾದ ನಿಯಮಗಳು

1. ಟ್ರ್ಯಾಕ್ಟರು ಮತ್ತು ಕೆಲಸಗಾರರಿಗೆ ಮೊದಲು ದಾರಿ ಬಿಡಬೇಕು.

2. ಗುರುತು ಮಾಡಿದ ದಾರಿ ಬಿಟ್ಟು ಸಾಲುಗಳೊಳಗೆ ಇಳಿಯಬಾರದು. ಹಣ್ಣು ಕೀಳಬಾರದು, ಅದು ಕಳ್ಳತನ, ಜೊತೆಗೆ ಔಷಧಿಯ ಅಪಾಯ.

3. ಸಿಂಪರಣೆ ನಡೆಯುತ್ತಿದ್ದರೆ ಗಾಳಿ ಬರುವ ಕಡೆಗೆ ಸರಿದು ದೂರದಲ್ಲಿ ನಿಲ್ಲಬೇಕು.

4. ಮಳೆಯಾದ ಮೇಲೆ ದಾರಿಯ ಮೇಲೆ ಬಿದ್ದ ಕೆಸರು ಮತ್ತು ಜಲ್ಲಿಯಲ್ಲಿ ವೇಗ ತಗ್ಗಿಸಬೇಕು.

5. ಒಣಗೋಡೆಯ ಮೇಲೆ ಹತ್ತಬಾರದು, ಸೈಕಲ್ ಒರಗಿಸಬಾರದು. ಒಂದು ಕಲ್ಲು ಉರುಳಿದರೆ ಮಳೆಗೆ ಗೋಡೆಯೇ ಉರುಳುತ್ತದೆ.

6. ಮದ್ಯ ಸೇವಿಸಿ ಸೈಕಲ್ ತುಳಿಯಬಾರದು. ಫ್ರಾನ್ಸಿನಲ್ಲಿ ಒಂದು ಲೀಟರ್ ರಕ್ತದಲ್ಲಿ 0.5 ಗ್ರಾಂ ಮದ್ಯಸಾರದ ಮಿತಿ ಸೈಕಲ್ ಸವಾರರಿಗೂ ಅನ್ವಯಿಸುತ್ತದೆ. ಮೆಚ್ಚಿದ ಬಾಟಲಿಯನ್ನು ಕೊಂಡು ತಂಗುವ ಸ್ಥಳಕ್ಕೆ ಒಯ್ಯುವುದೇ ಲೇಸು.

ಸಾರಾಂಶ

ಬರ್ಗಂಡಿಯ ಅನುಭವದಿಂದ ತಿಳಿದುಬರುವುದಿಷ್ಟು. ಪ್ರವಾಸಿಗರಿಗಾಗಿ ತೋಟವನ್ನು ಬದಲಿಸಬೇಕಾಗಿಲ್ಲ. ಬೇಸಾಯಕ್ಕೆ ಬೇಕಾದ ದಾರಿಯನ್ನೇ ಇಳಿಜಾರಿಗೆ ತಕ್ಕಂತೆ, ನೀರು ಬಸಿಯುವಂತೆ ಭದ್ರವಾಗಿ ಮಾಡಿದರೆ ಮಣ್ಣು ಉಳಿಯುತ್ತದೆ, ಫಸಲು ಸಲೀಸಾಗಿ ಸಾಗುತ್ತದೆ, ಅತಿಥಿಯೂ ಅದೇ ದಾರಿಯಲ್ಲಿ ಬರುತ್ತಾನೆ. ಒಡೆತನ ಮತ್ತು ದುರಸ್ತಿಯ ವಿಷಯ ಮೊದಲೇ ಬರಹದಲ್ಲಿರಬೇಕು. ಸಿಂಪರಣೆಯ ಶಿಸ್ತನ್ನು ರೈತ ಪಾಲಿಸಬೇಕು, ದಾರಿಯ ಶಿಸ್ತನ್ನು ಸವಾರ ಪಾಲಿಸಬೇಕು. ಇಬ್ಬರೂ ತಮ್ಮ ತಮ್ಮ ಪಾಲನ್ನು ಮಾಡಿದಲ್ಲಿ, ಹೊಲದ ಬಂಡಿದಾರಿ ರೈತನ ಮನೆ ಬಾಗಿಲಿಗೇ ಮಾರುಕಟ್ಟೆಯನ್ನು ತಂದುಕೊಡಬಲ್ಲದು.